ಟ್ರೇಲರ್ ಮೇಲಿನ ಹಳೇ ಬೋಟು, ತಳದಲ್ಲಿ ಹಳೇ ಪೇಂಟು: ಇಡೋದಾ, ತೆಗೆಯೋದಾ, ತೆಗೆಯೋದಾದರೆ ಹೇಗೆ?

ಮಿಶಿಗನ್‌ನಲ್ಲಿ ಹಿಮ ಕರಗುವ ಹೊತ್ತಿಗೆ ಹಳೇ ಬೋಟುಗಳ ಮಾರಾಟ ಜೋರಾಗುತ್ತದೆ. ಹದಿನೆಂಟು ಇಪ್ಪತ್ತು ಅಡಿಯ ಫೈಬರ್‌ಗ್ಲಾಸ್ ಬೋಟು, ಟ್ರೇಲರ್ ಸಮೇತ, ಬೆಲೆಯೂ ಕೈಗೆಟುಕುವಂತಿರುತ್ತದೆ. ಫೋಟೋದಲ್ಲಿ ಮೇಲೆಲ್ಲ ಬೆಳ್ಳಗೆ ಹೊಳೆಯುತ್ತದೆ. ಹೋಗಿ ಬಗ್ಗಿ ನೋಡಿದರೆ ತಳದಲ್ಲಿ ನೀಲಿಯೋ ಕಪ್ಪೋ ಮಾಸಲು ಬಣ್ಣ. ಅಲ್ಲಲ್ಲಿ ಚಕ್ಕೆ ಎದ್ದಿರುತ್ತದೆ, ಮುಟ್ಟಿದರೆ ಕೈಗೆ ಪುಡಿ ಹತ್ತುತ್ತದೆ. ಇದೇ ಬಾಟಮ್ ಪೇಂಟ್. ಡೆಟ್ರಾಯಿಟ್ ಸುತ್ತಮುತ್ತ ಬೋಟ್ ಕೊಂಡ ಕನ್ನಡದ ಗೆಳೆಯರು ಕೇಳುವ ಮೊದಲ ಪ್ರಶ್ನೆ ಇದರದ್ದೇ: "ಗುರು, ಇದನ್ನ ಉಜ್ಜಿ ತೆಗೀಬೇಕಾ?"

ನಾನು ಹೇಳುವುದು ಇಷ್ಟು. ಟ್ರೇಲರ್ ಮೇಲೆ ಮನೆಗೆ ಬರುವ ಬೋಟಿಗೆ ಈ ಪೇಂಟ್ ಬೇಕಾಗಿಲ್ಲ. ಹಾಗಂತ ಇದ್ದರೆ ತೆಗೆಯಲೇಬೇಕು ಅಂತಲೂ ಇಲ್ಲ. ಗಟ್ಟಿಯಾಗಿ ಕೂತಿದ್ದರೆ ಒಂದು ಸೀಸನ್ ಸುಮ್ನೆ ಓಡಿಸಿ, ಆಮೇಲೆ ಯೋಚಿಸಿ. ಉದುರುತ್ತಿದ್ದರೆ ಮಾತ್ರ ಕೈ ಹಾಕಬೇಕು. ಹಾಕಿದ ಮೇಲೆ ಅರ್ಧಕ್ಕೆ ಬಿಡುವಂತಿಲ್ಲ.

ಆ ಪೇಂಟ್ ಅಲ್ಲಿ ಯಾಕಿದೆ

ಇದು ಅಂದಕ್ಕೆ ಬಳಿದದ್ದಲ್ಲ. ವಾರಗಟ್ಟಲೆ ನೀರಲ್ಲೇ ನಿಲ್ಲುವ ಬೋಟಿನ ತಳಕ್ಕೆ ಪಾಚಿ, ಲೋಳೆ, ಚಿಪ್ಪಿನ ಹುಳುಗಳು ಅಂಟಿಕೊಳ್ಳುತ್ತವೆ. ಅವು ಅಂಟದಿರಲಿ ಅಂತ ಪೇಂಟಿಗೆ ವಿಷ ಬೆರೆಸುತ್ತಾರೆ. ಹೆಚ್ಚಿನ ಡಬ್ಬಿಗಳಲ್ಲಿ ಅದು ತಾಮ್ರದ ಆಕ್ಸೈಡ್. ಮಲ್ಪೆಯಲ್ಲಿ ಜೂನ್-ಜುಲೈನ ಮೀನುಗಾರಿಕೆ ನಿಷೇಧದ ಹೊತ್ತಿಗೆ ದಡಕ್ಕೆಳೆದ ಬೋಟುಗಳ ತಳ ಹೆರೆದು ಬಣ್ಣ ಬಳಿಯುವುದನ್ನು ನೋಡಿದವರಿಗೆ ಇದು ಹೊಸದಲ್ಲ.

ಹಾಗಾಗಿ ನಿಮ್ಮ ಬೋಟಿನ ತಳದಲ್ಲಿ ಈ ಪೇಂಟ್ ಇದೆ ಅಂದರೆ ಹಿಂದಿನ ಮಾಲೀಕರಲ್ಲಿ ಯಾರೋ ಅದನ್ನು ನೀರಲ್ಲೇ ಕಟ್ಟಿಡುತ್ತಿದ್ದರು ಅಂತ ಅರ್ಥ. ಕೊಳ್ಳುವ ಮುಂಚೆ ಈ ಸುಳಿವನ್ನು ಬಳಸಿಕೊಳ್ಳಿ. ಎಲ್ಲಿ ಇಟ್ಟಿದ್ದಿರಿ, ಉಪ್ಪು ನೀರಾ ಸಿಹಿ ನೀರಾ, ಎಷ್ಟು ತಿಂಗಳು, ಕೊನೆಯ ಸಲ ಯಾವ ಪೇಂಟ್ ಹಚ್ಚಿದ್ದು ಅಂತ ಕೇಳಿ. ಡಬ್ಬಿ ಗ್ಯಾರೇಜಿನಲ್ಲಿ ಉಳಿದಿದ್ದರೆ ಅದರ ಫೋಟೋ ತೆಗೆದುಕೊಳ್ಳಿ, ಮುಂದೆ ಅರ್ಧ ಕೆಲಸ ಉಳಿಯುತ್ತದೆ. ತಳದಲ್ಲಿ ನಾಣ್ಯದಷ್ಟು ಅಗಲದ ಗುಳ್ಳೆಗಳಿವೆಯಾ ಅಂತ ಕೈಯಾಡಿಸಿ ನೋಡಿ. ವರ್ಷಾನುಗಟ್ಟಲೆ ನೀರಲ್ಲಿ ನಿಂತ ಫೈಬರ್‌ಗ್ಲಾಸ್ ಒಳಗೆ ನೀರು ಸೇರಿ ಹೀಗೆ ಗುಳ್ಳೆ ಏಳುತ್ತದೆ. ಪೇಂಟ್ ಅದನ್ನು ಚೆನ್ನಾಗಿ ಮುಚ್ಚಿಡುತ್ತದೆ.

ಮೊದಲು ತೀರ್ಮಾನ, ಆಮೇಲೆ ಸಾಮಾನು

ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದದ್ದು ಒಂದೇ. ಈ ಬೋಟು ಒಂದೇ ಸಮನೆ ಎಷ್ಟು ದಿನ ನೀರಲ್ಲಿ ಇರುತ್ತದೆ?

ಶನಿವಾರ ಇಳಿಸಿ ಭಾನುವಾರ ಸಂಜೆ ಮನೆಗೆ ತರುವುದಾದರೆ ತಳಕ್ಕೆ ಏನೂ ಬಳಿಯಬೇಕಿಲ್ಲ. ವಾರದ ರಜೆಗೆ ಟ್ರಾವರ್ಸ್ ಸಿಟಿಗೋ ಮ್ಯಾಕಿನಾಕ್ ಕಡೆಗೋ ಹೋಗಿ ನೀರಲ್ಲೇ ಬಿಟ್ಟರೂ ಚಿಂತೆಯಿಲ್ಲ. ಲೋಳೆ ಹಿಡಿದರೆ ಮನೆಗೆ ಬಂದ ಮೇಲೆ ತೊಳೆದರಾಯಿತು. ಬೇಸಿಗೆಯಿಡೀ ಮರೀನಾದಲ್ಲಿ ಕಟ್ಟಿಡುವ ಯೋಚನೆ ಇದ್ದರೆ ಮಾತ್ರ ಬಾಟಮ್ ಪೇಂಟ್ ಬೇಕು. ಆಗ ಹಳೆಯದನ್ನು ಪೂರ್ತಿ ತೆಗೆಯುವ ಬದಲು ಅದರ ಮೇಲೇ ಹೊಸದನ್ನು ಹಚ್ಚಲು ಆಗುತ್ತದಾ ಅಂತ ನೋಡುವುದು ಜಾಣತನ.

ಇನ್ನೊಂದು ಮಾತು. ತಳದಲ್ಲಿ ಹಳೇ ಪೇಂಟ್ ಇದೆ, ಅದರಿಂದ ಈಗಲೂ ರಕ್ಷಣೆ ಸಿಗುತ್ತದೆ ಅಂದುಕೊಳ್ಳಬೇಡಿ. ಗಟ್ಟಿ ಜಾತಿಯ ಪೇಂಟ್ ಗಾಳಿಯಲ್ಲಿ ಕೆಲವು ವಾರ ಒಣಗಿದರೆ ಅದರ ತಾಮ್ರ ಮಂಕಾಗಿ ಕೆಲಸ ನಿಲ್ಲಿಸುತ್ತದೆ. ಟ್ರೇಲರ್ ಮೇಲೆ ಎರಡು ಚಳಿಗಾಲ ಕಳೆದ ಬೋಟಿನ ತಳದಲ್ಲಿ ಇರುವುದು ಬರೀ ಬಣ್ಣ.

ಹಾಗಾದರೆ ತೆಗೆಯುವುದು ಯಾವಾಗ? ಚಕ್ಕೆ ಚಕ್ಕೆಯಾಗಿ ಏಳುತ್ತಿದ್ದರೆ, ಪದರದ ಮೇಲೆ ಪದರ ಸೇರಿ ತಳ ಒರಟಾಗಿ ವೇಗ ಕಮ್ಮಿಯಾಗಿದ್ದರೆ, ಕೆಳಗಿನ ಗುಳ್ಳೆ ಅಥವಾ ಹಳೇ ರಿಪೇರಿ ನೋಡಲೇಬೇಕಾಗಿದ್ದರೆ. ಬೋಟು ಅಲ್ಯೂಮಿನಿಯಂನದ್ದಾಗಿದ್ದು ಯಾರೋ ತಿಳಿಯದೆ ತಾಮ್ರದ ಪೇಂಟ್ ಬಳಿದಿದ್ದರೆ ಅದನ್ನಂತೂ ತೆಗೆಯಲೇಬೇಕು. ತಾಮ್ರವೂ ಅಲ್ಯೂಮಿನಿಯಮ್ಮೂ ನೀರಲ್ಲಿ ಒಟ್ಟಿಗಿದ್ದರೆ ಅಲ್ಯೂಮಿನಿಯಂ ತೂತು ಬೀಳುತ್ತದೆ. ನೋಡೋಕೆ ಚೆನ್ನಾಗಿಲ್ಲ ಅನ್ನುವುದೂ ಒಂದು ಕಾರಣವೇ, ಆದರೆ ಅದಕ್ಕಾಗಿ ಎರಡು ಮೂರು ವಾರಾಂತ್ಯ ಮಣ್ಣುಪಾಲಾಗುತ್ತದೆ ಅಂತ ತಿಳಿದಿರಲಿ. ನೀರಿಗಿಳಿದ ಮೇಲೆ ತಳವನ್ನು ನೋಡುವವರು ಮೀನುಗಳು ಮಾತ್ರ, ಅಲ್ವಾ?

ಯಾವ ಜಾತಿಯ ಪೇಂಟ್ ಅಂತ ಪತ್ತೆ ಮಾಡಿ

ಒಂದು ಬಿಳಿ ಬಟ್ಟೆ ಒದ್ದೆ ಮಾಡಿ ತಳದ ಮೇಲೆ ಗಟ್ಟಿಯಾಗಿ ಉಜ್ಜಿ. ಬಟ್ಟೆಗೆ ಧಾರಾಳವಾಗಿ ಬಣ್ಣ ಬಂದರೆ ಅದು ಎಬ್ಲೇಟಿವ್, ಅಂದರೆ ನೀರಲ್ಲಿ ನಿಧಾನವಾಗಿ ಸವೆಯುತ್ತಾ ಹೊಸ ಮೈ ತೋರಿಸುವ ಜಾತಿ. ಬಣ್ಣ ಬರದಿದ್ದರೆ ಅಥವಾ ಬಂದೂ ಬರದಂತಿದ್ದರೆ ಗಟ್ಟಿ ಪೇಂಟ್. ತುಂಬಾ ತೆಳ್ಳಗೆ, ಹಳೇ ತಾಮ್ರದ ಚೊಂಬಿನ ಬಣ್ಣದಲ್ಲಿದ್ದರೆ ಅದು ವಿಸಿ 17 ಅನ್ನುವ ಪೇಂಟ್ ಇರಬಹುದು. ನಮ್ಮ ಗ್ರೇಟ್ ಲೇಕ್ಸ್ ಕಡೆ ಸಿಹಿ ನೀರಿಗೆ ಬಹಳ ಜನ ಹಚ್ಚುತ್ತಿದ್ದದ್ದು ಇದು. ಹಾಗಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಗೇ ಕರಗಿ ಬರುತ್ತದೆ, ಸ್ಯಾಂಡರ್ (ಉಜ್ಜುವ ಯಂತ್ರ) ಮುಟ್ಟಬೇಕಿಲ್ಲ.

ಆಮೇಲೆ ಹಿಡಿತದ ಪರೀಕ್ಷೆ. ಚೂಪಾದ ಚಾಕುವಿನಿಂದ ಪೇಂಟಿನಲ್ಲಿ ಮಾತ್ರ ಒಂದು ಗುಣಾಕಾರ ಚಿಹ್ನೆ ಗೀರಿ. ಅದರ ಮೇಲೆ ಒಳ್ಳೇ ಟೇಪ್ ಒತ್ತಿ ಅಂಟಿಸಿ, ಒಂದೇ ಏಟಿಗೆ ಕಿತ್ತು ನೋಡಿ. ಗೀರಿದ ಅಂಚಿನಲ್ಲಿ ಸ್ವಲ್ಪ ಬಂದರೆ ಪರವಾಗಿಲ್ಲ. ಟೇಪಿನ ತುಂಬ ಬಂದರೆ ಅದರ ಮೇಲೆ ಏನು ಹಚ್ಚಿದರೂ ದಂಡ. ಮುಂದೆ, ಮಧ್ಯೆ, ಹಿಂದೆ, ನೀರಿನ ಗೆರೆಯ ಹತ್ತಿರ, ಹೀಗೆ ಬೇರೆ ಬೇರೆ ಕಡೆ ಮಾಡಿ. ಒಂದೇ ಬೋಟಿನಲ್ಲಿ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ.

ಬೋಟು 1988ಕ್ಕಿಂತ ಹಳೆಯದಾಗಿದ್ದರೆ ಹೆಚ್ಚು ಎಚ್ಚರ ಬೇಕು. ಆ ಕಾಲದ ಹಲವು ಪೇಂಟುಗಳಲ್ಲಿ ಟ್ರೈಬ್ಯುಟೈಲ್ ಟಿನ್ ಅನ್ನುವ ತವರದ ಸಂಯುಕ್ತ ಇರುತ್ತಿತ್ತು. ಸಿಂಪಿ ಚಿಪ್ಪುಗಳನ್ನೇ ವಿಕಾರ ಮಾಡುವಷ್ಟು ಕೆಟ್ಟದ್ದು ಅಂತ ಫ್ರಾನ್ಸ್ 1982ರಲ್ಲೇ ಸಣ್ಣ ಬೋಟುಗಳಿಗೆ ನಿಷೇಧಿಸಿತು. ಅಮೆರಿಕ 1988ರಲ್ಲಿ ಕಾನೂನು ತಂದು 25 ಮೀಟರಿಗಿಂತ ಚಿಕ್ಕ ಬೋಟುಗಳಿಗೆ ನಿಲ್ಲಿಸಿತು, ಅಲ್ಯೂಮಿನಿಯಂ ಬೋಟುಗಳನ್ನು ಬಿಟ್ಟು. ಅಡಿಯ ಪದರದಲ್ಲಿ ಅದು ಇನ್ನೂ ಕೂತಿರಬಹುದು. ಅಂಥ ಬೋಟನ್ನು ಮನೆಯಲ್ಲಿ ಒಣಗಿದಂತೆಯೇ ಉಜ್ಜುವ ಯೋಚನೆಯನ್ನೇ ಬಿಡಿ.

ಮೇಲೇ ಹೊಸದು ಹಚ್ಚುವುದಾದರೆ

ಟೇಪ್ ಪರೀಕ್ಷೆ ಪಾಸಾಗಿದ್ದರೆ ಇದು ಸುಲಭ. ಗಟ್ಟಿ ಪೇಂಟಿನ ಮೇಲೆ ಎಬ್ಲೇಟಿವ್ ಹಚ್ಚಬಹುದು. ಎಬ್ಲೇಟಿವ್ ಮೇಲೆ ಗಟ್ಟಿಯದನ್ನು ಹಚ್ಚಬಾರದು. ಅದು ಉದುರುವ ಸುಣ್ಣದ ಗೋಡೆಗೆ ಆಯಿಲ್ ಪೇಂಟ್ ಬಳಿದ ಹಾಗೆ, ಅಡಿಯದು ಬಿಟ್ಟರೆ ಮೇಲಿನದೂ ಜೊತೆಗೆ ಬೀಳುತ್ತದೆ. ವಿಸಿ 17 ಮೇಲೆ ಬೇರೆ ಯಾವುದೂ ನಿಲ್ಲುವುದಿಲ್ಲ. 80 ನಂಬರಿನ ಸ್ಯಾಂಡ್‌ಪೇಪರ್‌ನಿಂದ ಒದ್ದೆಯಾಗಿಯೇ ಮೈ ಒರಟು ಮಾಡಿ, ಒರೆಸಿ, ಎರಡು ಕೋಟ್ ಹಚ್ಚಿ. ಮೂತಿಯ ಅಂಚಿಗೆ ಮತ್ತು ನೀರಿನ ಗೆರೆಗೆ ಒಂದು ಕೋಟ್ ಹೆಚ್ಚು. ಟ್ರೇಲರಿಗೆ ಏರಿಸಿ ಇಳಿಸುವಾಗ ಎಬ್ಲೇಟಿವ್ ಪೇಂಟ್ ಬೋಟು ಕೂರುವ ಕಾರ್ಪೆಟ್ ಹಲಗೆಗಳಿಗೆ ಹತ್ತುತ್ತದೆ. ಅದು ತಪ್ಪಿದ್ದಲ್ಲ.

ತೆಗೆಯುವುದಾದರೆ: ಮೊದಲು ಜಾಗ, ಮೈ, ಮೂಗು

ಮೊದಲು ನೀವಿರುವ ಊರಿನ ನಿಯಮ ನೋಡಿ. ಈ ಪುಡಿ ಮಳೆನೀರಿನ ಚರಂಡಿಗೆ ಹೋದರೆ ನೇರ ಹೊಳೆಗೋ ಕೆರೆಗೋ ಸೇರುತ್ತದೆ, ಆದ್ದರಿಂದ ಡ್ರೈವ್‌ವೇಯಲ್ಲಿ ಪ್ರೆಷರ್ ವಾಷರ್ ಹಿಡಿದು ಪೇಂಟ್ ಎಬ್ಬಿಸುವ ಹಾಗಿಲ್ಲ. ದೂಳು ಹಿಡಿಯುವ ವ್ಯವಸ್ಥೆ ಇಲ್ಲದೆ ಒಣಗಿದ ಪೇಂಟ್ ಉಜ್ಜಲು ಬಹಳಷ್ಟು ಬೋಟ್‌ಯಾರ್ಡುಗಳೂ ಬಿಡುವುದಿಲ್ಲ. ಸಬ್‌ಡಿವಿಷನ್‌ನಲ್ಲಿ ಮನೆ ಇದ್ದವರಿಗೆ ಅಸೋಸಿಯೇಷನ್ ಕಾಟ ಬೇರೆ. ಬೋಟನ್ನು ಡ್ರೈವ್‌ವೇಯಲ್ಲಿ ವಾರಗಟ್ಟಲೆ ನಿಲ್ಲಿಸಬಹುದಾ ಅಂತ ಮೊದಲೇ ಕೇಳಿಕೊಳ್ಳಿ.

ಟ್ರೇಲರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿನಲ್ಲಿ ಹಲಗೆ ಸುತ್ತಿ ಕಟ್ಟೆಯಂತೆ ಎತ್ತರಿಸಿ. ಟೈರು, ಬ್ರೇಕು, ಟ್ರೇಲರಿನ ದೀಪ, ಕಾರ್ಪೆಟ್ ಹಲಗೆ ಎಲ್ಲಕ್ಕೂ ಪ್ಲಾಸ್ಟಿಕ್ ಸುತ್ತಿ. ನೀರಿನ ಗೆರೆಯ ಮೇಲೆ ಒಳ್ಳೇ ಮಾಸ್ಕಿಂಗ್ ಟೇಪ್ ಎರಡು ಸುತ್ತು ಹಾಕಿ. ಆಳ ಅಳೆಯುವ ಟ್ರಾನ್ಸ್‌ಡ್ಯೂಸರ್, ಸತುವಿನ ಅಥವಾ ಮೆಗ್ನೀಸಿಯಮ್ಮಿನ ಆನೋಡ್ (ಬೋಟಿನ ಬೇರೆ ಲೋಹದ ಬದಲು ತಾನೇ ಸವೆಯುವ ತುಂಡು), ರಬ್ಬರ್ ಭಾಗ ಎಲ್ಲ ಮುಚ್ಚಿ.

ನಿಮ್ಮ ಮೈಗೆ: ಪೂರ್ತಿ ಮುಚ್ಚುವ ಬಿಸಾಡುವ ಸೂಟ್, ದಪ್ಪ ನೈಟ್ರೈಲ್ ಗ್ಲೌಸ್, ಸುತ್ತಲೂ ಮುಚ್ಚುವ ಕನ್ನಡಕ. ಮೂಗಿಗೆ ಕೋವಿಡ್ ಕಾಲದ ಬಟ್ಟೆ ಮಾಸ್ಕ್ ಸಾಲದು. ರಬ್ಬರಿನ ಅರ್ಧ ಮುಖವಾಡ ತಗೊಳ್ಳಿ. ದೂಳಿಗೆ ಪಿ100 ಫಿಲ್ಟರ್, ಸ್ಟ್ರಿಪ್ಪರ್ (ಪೇಂಟನ್ನು ಮೆತ್ತಗೆ ಮಾಡಿ ಎಬ್ಬಿಸುವ ರಾಸಾಯನಿಕ) ಮತ್ತು ಥಿನ್ನರ್ ಹಬೆಗೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್. ಗಡ್ಡ ಇದ್ದರೆ ಮುಖವಾಡ ಕೂರುವುದಿಲ್ಲ, ಪಕ್ಕದಿಂದ ದೂಳು ಒಳಗೆ ಬರುತ್ತದೆ. ಬೋಳಿಸುವ ಮನಸ್ಸಿಲ್ಲದಿದ್ದರೆ ಕೆಲಸ ಬೇರೆಯವರಿಗೆ ಕೊಡಿ. ಮಕ್ಕಳನ್ನೂ ನಾಯಿಯನ್ನೂ ಹತ್ತಿರ ಬಿಡಬೇಡಿ. ಕೆಲಸದ ಬಟ್ಟೆ ಮನೆಯವರ ಬಟ್ಟೆಯ ಜೊತೆ ವಾಷಿಂಗ್ ಮೆಷಿನ್‌ಗೆ ಹಾಕಬೇಡಿ.

ಸ್ಟ್ರಿಪ್ಪರ್: ನಾನು ಮೊದಲು ಹೇಳುವ ದಾರಿ

ಮನೆಯಲ್ಲಿ ಮಾಡುವವರಿಗೆ ಸ್ಯಾಂಡರ್‌ಗಿಂತ ರಾಸಾಯನಿಕ ಸ್ಟ್ರಿಪ್ಪರ್ ವಾಸಿ. ದೂಳಿಲ್ಲ, ಬರುವುದೆಲ್ಲ ಒದ್ದೆ ಮುದ್ದೆ. ಆದರೆ ಅಂಗಡಿಯಲ್ಲಿ ಸಿಕ್ಕ ಯಾವುದೋ ಡಬ್ಬಿ ತರಬೇಡಿ. ಫೈಬರ್‌ಗ್ಲಾಸ್ ಮೇಲೆ ಬಳಸಬಹುದು ಅಂತ ಬರೆದಿರುವ, ಬೋಟಿಗೆಂದೇ ಮಾಡಿದ ಸ್ಟ್ರಿಪ್ಪರ್ ತನ್ನಿ. ಹಳೇ ಗ್ಯಾರೇಜುಗಳಲ್ಲಿ ಮೆಥಿಲೀನ್ ಕ್ಲೋರೈಡ್ ಇರುವ ಡಬ್ಬಿ ಇನ್ನೂ ಸಿಗುತ್ತದೆ. ಅದರ ಹಬೆಯಿಂದ ಜನ ಸತ್ತಿದ್ದಾರೆ, ಅದಕ್ಕೇ ಇಲ್ಲಿ 2019ರಿಂದ ಪೇಂಟ್ ತೆಗೆಯಲೆಂದು ಜನಸಾಮಾನ್ಯರಿಗೆ ಮಾರುವುದು ನಿಂತಿದೆ. ಅದು ಜೆಲ್‌ಕೋಟನ್ನೂ ಮೆತ್ತಗೆ ಮಾಡುತ್ತದೆ. ಜೆಲ್‌ಕೋಟ್ ಅಂದರೆ ಫೈಬರ್‌ಗ್ಲಾಸ್ ಮೇಲಿನ ನುಣುಪು ಹೊದಿಕೆ. ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಮುಂದಿನ ಎಲ್ಲ ಎಚ್ಚರವೂ ಇದನ್ನು ಉಳಿಸಿಕೊಳ್ಳುವುದಕ್ಕೇ.

20 ಅಡಿ ಉದ್ದ, 8 ಅಡಿ ಅಗಲದ ಬೋಟಿನ ತಳ ಸುಮಾರು 140 ಚದರ ಅಡಿ ಇರುತ್ತದೆ. ಡಬ್ಬಿಯ ಮೇಲೆ ಒಂದು ಗ್ಯಾಲನ್ ಎಷ್ಟು ಚದರ ಅಡಿಗೆ ಸಾಕು ಅಂತ ಬರೆದಿರುತ್ತಾರೆ. ಎರಡು ಸಲ ಹಚ್ಚಬೇಕಾಗುತ್ತದೆ ಅಂತಲೇ ಲೆಕ್ಕ ಹಾಕಿ.

ಮೊದಲು ಅಂಗೈ ಅಗಲದ ಒಂದು ಜಾಗದಲ್ಲಿ ಹಚ್ಚಿ ನೋಡಿ. ಒಂದು ಗಂಟೆ, ಎರಡು ಗಂಟೆ, ನಾಲ್ಕು ಗಂಟೆಗೆ ಬೇರೆ ಬೇರೆ ಮೂಲೆ ಹೆರೆಯಿರಿ. ಎಷ್ಟು ಹೊತ್ತಿಗೆ ಪೇಂಟ್ ಸುಕ್ಕಾಗಿ ಸಲೀಸಾಗಿ ಬರುತ್ತದೋ ಅದೇ ನಿಮ್ಮ ಹೊತ್ತು. ಜೆಲ್‌ಕೋಟ್ ಅಂಟಂಟಾಗುತ್ತಿಲ್ಲ ತಾನೇ ಅಂತಲೂ ಅದೇ ಜಾಗದಲ್ಲಿ ನೋಡಿ.

ಬಿಸಿಲಿಲ್ಲದ, ಗಾಳಿಯಿಲ್ಲದ, 60ರಿಂದ 80 ಡಿಗ್ರಿ ಫ್ಯಾರನ್‌ಹೀಟ್ ಇರುವ ದಿನ ಹುಡುಕಿ. ಏಪ್ರಿಲ್‌ನ ಚಳಿಯಲ್ಲಿ ಸ್ಟ್ರಿಪ್ಪರ್ ಮಲಗಿಬಿಡುತ್ತದೆ, ಜುಲೈ ಬಿಸಿಲಲ್ಲಿ ಒಣಗಿ ಅಂಟಾಗುತ್ತದೆ. ಒಂದು ಸಲಕ್ಕೆ ಒಂದು ಪಕ್ಕದ ಕಾಲು ಭಾಗ ಮಾತ್ರ ತಗೊಳ್ಳಿ. ಬ್ರಷ್ಷಿನಿಂದ ದಪ್ಪಗೆ, ಒಂದೇ ದಿಕ್ಕಿಗೆ ಬಳಿಯಿರಿ. ಪೇಂಟ್ ಬಳಿದಂತೆ ಹಿಂದಕ್ಕೂ ಮುಂದಕ್ಕೂ ಎಳೆದರೆ ತೆಳ್ಳಗಾಗಿ ಕೆಲಸ ಕೆಡುತ್ತದೆ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಒಣಗುವುದಿಲ್ಲ.

ಹೊತ್ತಾದ ಮೇಲೆ ಪ್ಲಾಸ್ಟಿಕ್ ಪುಟ್ಟಿ ನೈಫಿನಿಂದ ಕೆಳಗಿನಿಂದ ಮೇಲಕ್ಕೆ ತಳ್ಳಿ, ಮುದ್ದೆಯನ್ನು ಬಕೆಟ್ಟಿಗೆ ಹಾಕುತ್ತಾ ಹೋಗಿ. ಲೋಹದ ಸ್ಕ್ರೇಪರ್ ಬೇಕೇ ಬೇಕಾದರೆ ಅದರ ಎರಡು ಮೂಲೆಗಳನ್ನು ಅರದಿಂದ ಉಜ್ಜಿ ಗುಂಡಗೆ ಮಾಡಿಕೊಳ್ಳಿ. ಜೆಲ್‌ಕೋಟಿಗೆ ಆಳದ ಗೀರು ಬೀಳುವುದು ಆ ಮೂಲೆಯಿಂದಲೇ. ಹಿಡಿತವಿರುವ ಕಡೆ ಜೋರು ಮಾಡಬೇಡಿ, ಇನ್ನೊಂದು ಸಲ ಹಚ್ಚಿ. ಕೊನೆಗೆ ಉಳಿದ ಕಲೆಯನ್ನು ಡಬ್ಬಿಯಲ್ಲಿ ಹೇಳಿದ ನೀರು ಅಥವಾ ಥಿನ್ನರ್‌ನಿಂದ ನಾರಿನ ಪ್ಯಾಡ್ ಹಿಡಿದು ಉಜ್ಜಿ. ಸ್ಟ್ರಿಪ್ಪರ್ ಚೂರೂ ಉಳಿಯದಂತೆ ತೊಳೆಯಬೇಕು, ತೊಳೆದ ನೀರೂ ಪ್ಲಾಸ್ಟಿಕ್ ಹಾಳೆಯ ಮೇಲೇ ನಿಲ್ಲಬೇಕು.

ಹೆರೆಯುತ್ತಾ ಹೋದಾಗ ಬಣ್ಣದ ಅಡಿಯಲ್ಲಿ ಬೂದು ಅಥವಾ ಬಿಳಿಯ ಗಟ್ಟಿ ಪದರ ಸಿಕ್ಕರೆ ನಿಲ್ಲಿಸಿ. ಅದು ನೀರು ಒಳಗಿಳಿಯದಂತೆ ಹಚ್ಚಿದ ಎಪಾಕ್ಸಿ ಹೊದಿಕೆ ಇರಬಹುದು. ಯಾರೋ ದುಡ್ಡು ಸುರಿದು ಮಾಡಿಸಿದ್ದು, ಹಾಗೇ ಇರಲಿ.

ಸ್ಯಾಂಡರ್ ಹಿಡಿಯಲೇಬೇಕಾದರೆ

ಸ್ಟ್ರಿಪ್ಪರಿಗೆ ಬಗ್ಗದ ಮೊಂಡು ಕಲೆಗಳಿಗೆ ಮಾತ್ರ. ವ್ಯಾಕ್ಯೂಮಿಗೆ ಜೋಡಿಸಿದ ರ್‍ಯಾಂಡಮ್ ಆರ್ಬಿಟ್ ಸ್ಯಾಂಡರ್, 80 ನಂಬರಿನ ಪೇಪರ್, ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್. ಆಂಗಲ್ ಗ್ರೈಂಡರ್ ಬೇಡ, ಕಣ್ಣು ಮಿಟುಕಿಸುವುದರಲ್ಲಿ ಜೆಲ್‌ಕೋಟ್ ದಾಟಿ ನಾರಿಗೆ ಹೋಗುತ್ತದೆ. ಹೀಟ್ ಗನ್ ಬೇಡ, ಹಬೆಯೂ ಕೆಟ್ಟದ್ದು, ಜೆಲ್‌ಕೋಟಿಗೂ ಕೆಟ್ಟದ್ದು. ತಂತಿ ಬ್ರಷ್ ಬೇಡ. ಸ್ಯಾಂಡರನ್ನು ಒಂದೇ ಕಡೆ ನಿಲ್ಲಿಸಬೇಡಿ, ಅಂಚುಗಳಲ್ಲಿ ಕೈಯಿಂದಲೇ ಒದ್ದೆ ಪೇಪರ್ ಹಿಡಿದು ಉಜ್ಜಿ. ಅಂಚಿನಲ್ಲಿ ಜೆಲ್‌ಕೋಟ್ ಬೇಗ ಸವೆದುಹೋಗುತ್ತದೆ.

ಹಲಗೆಯ ಅಡಿ ಅಡಗಿದ ಪೇಂಟ್

ಟ್ರೇಲರ್ ಮೇಲಿನ ಬೋಟಿನ ನಿಜವಾದ ತಲೆನೋವು ಇದು. ಬೋಟು ಕೂತ ಹಲಗೆ, ರೋಲರುಗಳ ಅಡಿಯ ಪಟ್ಟಿ ಕೈಗೆ ಸಿಗುವುದೇ ಇಲ್ಲ.

ಸುರಕ್ಷಿತ ದಾರಿ: ಬೋಟ್‌ಯಾರ್ಡಿಗೆ ದುಡ್ಡು ಕೊಟ್ಟು ಪಟ್ಟಿಗಳಲ್ಲಿ ಎತ್ತಿಸಿ ಸ್ಟ್ಯಾಂಡ್ ಮೇಲೆ ಕೂರಿಸುವುದು. ಟ್ರೇಲರ್ ಆಚೆಗೆ ಹೋಗುತ್ತದೆ, ತಳ ಪೂರ್ತಿ ತೆರೆದಿರುತ್ತದೆ. ಎರಡನೇ ದಾರಿ: ಮೊದಲ ಸುತ್ತಿನಲ್ಲಿ ಕಾಣುವುದನ್ನೆಲ್ಲ ಮುಗಿಸಿ, ಬೋಟನ್ನು ನೀರಿಗೆ ಇಳಿಸಿ, ಹಲಗೆಗಳ ಬೋಲ್ಟ್ ಸಡಿಲಿಸಿ ಅಕ್ಕಪಕ್ಕಕ್ಕೆ ಸರಿಸಿ ಬಿಗಿದು, ಮತ್ತೆ ಏರಿಸಿಕೊಂಡು ಬರುವುದು. ಹಳೇ ಜಾಗ ಹೊರಗೆ ಬರುತ್ತದೆ. ತಳದ ಒಳಗಿನ ಉದ್ದ ತೊಲೆಗಳಿಗೆ ಸಮನಾಗಿಯೇ ಹಲಗೆ ಕೂರಬೇಕು, ಆದ್ದರಿಂದ ಕೆಲಸ ಮುಗಿದ ಮೇಲೆ ಮೊದಲಿನ ಜಾಗಕ್ಕೇ ತನ್ನಿ. ಸರಿಸುವ ಮುಂಚೆ ಮಾರ್ಕರ್‌ನಿಂದ ಗುರುತು ಹಾಕಿ.

ಜ್ಯಾಕ್ ಕೊಟ್ಟು ಎತ್ತಿ ಟ್ರೇಲರ್ ಎಳೆದುಬಿಡುವ ವಿಡಿಯೋಗಳು ಬೇಕಾದಷ್ಟಿವೆ. ಅನುಭವವಿಲ್ಲದೆ ಅದಕ್ಕೆ ಇಳಿಯಬೇಡಿ. ಒಂದೂವರೆ ಟನ್ ತೂಕ ಒಂದು ಜ್ಯಾಕ್ ಮೇಲೆ ನಿಂತಿರುವಾಗ ಯಾವ ಪೇಂಟಿಗಾಗಿಯೂ ಅದರ ಕೆಳಗೆ ತಲೆ ಹಾಕಬಾರದು.

ಕಸ

ಮುದ್ದೆ, ಪುಡಿ, ಹಾಳೆ, ಗ್ಲೌಸ್, ಸೂಟ್ ಎಲ್ಲ ಮುಚ್ಚಳವಿರುವ ಬಕೆಟ್ಟಿಗೆ ಹಾಕಿ ಒಳಗೇನಿದೆ ಅಂತ ಮೇಲೆ ಬರೆಯಿರಿ. ಕೌಂಟಿಯವರು ಮನೆಯ ಅಪಾಯಕಾರಿ ಕಸ ತಗೊಳ್ಳುವ ದಿನಗಳಿರುತ್ತವೆ, ಫೋನ್ ಮಾಡಿ ಇದನ್ನು ತಗೊಳ್ಳುತ್ತೀರಾ ಅಂತ ಕೇಳಿ. ಕಸದ ತೊಟ್ಟಿಗೆ ಸುರಿಯಬೇಡಿ. ಥಿನ್ನರ್ ಬಟ್ಟೆಗಳನ್ನು ಗುಡ್ಡೆ ಹಾಕಿ ಗ್ಯಾರೇಜಿನಲ್ಲಿ ಇಡಬೇಡಿ, ಬೆಂಕಿಯ ಭಯ.

ಪೇಂಟ್ ಹೋದ ಮೇಲೆ

ಕೆಳಗೆ ಕನ್ನಡಿಯಂಥ ಬಿಳಿ ಜೆಲ್‌ಕೋಟ್ ಸಿಗುತ್ತದೆ ಅಂತ ಕಾಯುವವರಿಗೆ ನಿರಾಸೆಯಾಗುತ್ತದೆ. ಪೇಂಟ್ ಹಿಡಿಯಲಿ ಅಂತ ಮೊದಲ ಮಾಲೀಕರು ಜೆಲ್‌ಕೋಟನ್ನು 80 ನಂಬರಿನಲ್ಲಿ ಉಜ್ಜಿರುತ್ತಾರೆ. ಆ ಗೀರುಗಳು ಅಲ್ಲೇ ಇರುತ್ತವೆ, ನೀಲಿ ಬಣ್ಣ ಗೀರಿನೊಳಗೆ ಕೂತಿರುತ್ತದೆ.

ಮೊದಲು ಗುಳ್ಳೆ ಮತ್ತು ಬಿರುಕು ನೋಡಿ. ಗುಳ್ಳೆ ಹೆಚ್ಚಿದ್ದರೆ ತೆರೆದು ವಾರಗಟ್ಟಲೆ ಒಣಗಿಸಿ ಎಪಾಕ್ಸಿ ತುಂಬಬೇಕು, ಅದು ಬೇರೆಯೇ ಕೆಲಸ. ಒಂದೆರಡು ಸಣ್ಣವಿದ್ದು ಬೋಟು ಟ್ರೇಲರ್ ಮೇಲೇ ಬದುಕುವುದಾದರೆ ನಾನು ಮೈಮೇಲೆ ಎಳೆದುಕೊಳ್ಳುವುದಿಲ್ಲ.

ಆಮೇಲೆ ನಿಮ್ಮ ಮುಂದೆ ಎರಡು ದಾರಿ. ಹೊಳಪು ಬೇಕಾದರೆ 220, 400, 600, 800 ಹೀಗೆ ಒದ್ದೆ ಪೇಪರ್ ಏರಿಸುತ್ತಾ ಹೋಗಿ, ಕಾಂಪೌಂಡ್ (ಉಜ್ಜುವ ಪೇಸ್ಟ್) ಹಾಕಿ ಪಾಲಿಶ್ ಮಾಡಿ, ವ್ಯಾಕ್ಸ್ ಹಚ್ಚಿ. ತಲೆಯ ಮೇಲೆ ಕೈಯೆತ್ತಿ ಮಾಡುವ ಕೆಲಸ, ಭುಜ ಬಿದ್ದುಹೋಗುತ್ತದೆ. ಪ್ರತಿ ಸಲವೂ ಜೆಲ್‌ಕೋಟ್ ತೆಳ್ಳಗಾಗುತ್ತದೆ ಅನ್ನುವುದೂ ನೆನಪಿರಲಿ. ಜೆಲ್‌ಕೋಟ್ ತೀರಾ ಗೀರಾಗಿದ್ದರೆ ವಿಷವಿಲ್ಲದ ಬಿಳಿ ಎಪಾಕ್ಸಿ ಪೇಂಟನ್ನು ಎರಡು ಮೂರು ಕೋಟ್ ಹಚ್ಚುವುದು ವಾಸಿ. ಟ್ರೇಲರಿನ ಬೋಟಿಗೆ ಗಟ್ಟಿಯಾಗಿ, ನುಣುಪಾಗಿ ಕೂರುತ್ತದೆ. ನನ್ನನ್ನು ಕೇಳಿದರೆ ಹತ್ತರಲ್ಲಿ ಏಳು ಬೋಟಿಗೆ ಇದನ್ನೇ ಹೇಳುತ್ತೇನೆ.

ಬೇರೆಯವರಿಗೆ ಕೊಡುವುದಾದರೆ

ಅಡುಗೆ ಸೋಡಾದಂಥ ಪುಡಿಯನ್ನು ಒತ್ತಡದಲ್ಲಿ ಹೊಡೆದು ಪೇಂಟ್ ತೆಗೆಯುವ ಸೋಡಾ ಬ್ಲಾಸ್ಟಿಂಗ್ ಈ ಕಡೆ ಸಿಗುತ್ತದೆ. ಇಡೀ ತಳ ಒಂದೇ ದಿನದಲ್ಲಿ ಮುಗಿಯುತ್ತದೆ, ಜೆಲ್‌ಕೋಟ್ ಬಹುಪಾಲು ಉಳಿಯುತ್ತದೆ. ದರವನ್ನು ಬೋಟಿನ ಉದ್ದದ ಅಡಿ ಲೆಕ್ಕದಲ್ಲಿ ಹೇಳುತ್ತಾರೆ. ದೂಳು ಹಿಡಿಯಲು ಗುಡಾರ ಕಟ್ಟುತ್ತಾರಾ, ಕಸವನ್ನು ಅವರೇ ಒಯ್ಯುತ್ತಾರಾ, ಹಲಗೆಯ ಅಡಿಯದ್ದೂ ಸೇರಿದೆಯಾ ಅಂತ ಮೂರನ್ನೂ ಬರೆಸಿಕೊಳ್ಳಿ. ಮುಗಿದ ಮೇಲೆ ಸೋಡಾ ಪೂರ್ತಿ ತೊಳೆದು ಒಮ್ಮೆ ಉಜ್ಜದೆ ಎಪಾಕ್ಸಿ ಹಚ್ಚಬೇಡಿ, ಹಿಡಿಯುವುದಿಲ್ಲ.

ಮತ್ತೆ ನೀರಿಗೆ

ಟ್ರಾನ್ಸ್‌ಡ್ಯೂಸರ್, ಆನೋಡ್‌ಗಳ ಮೇಲಿನ ಟೇಪ್ ತೆಗೆದಿದ್ದೀರಾ ಅಂತ ನೋಡಿ. ಆನೋಡ್ ಮೇಲೆ ಬಣ್ಣ ಬಿದ್ದಿದ್ದರೆ ಉಜ್ಜಿ ತೆಗೆಯಿರಿ, ಬಣ್ಣ ಬಳಿದ ಆನೋಡ್ ಕೆಲಸ ಮಾಡುವುದಿಲ್ಲ. ಸಿಹಿ ನೀರಿಗೆ ಮೆಗ್ನೀಸಿಯಂನದ್ದು, ಉಪ್ಪು ನೀರಿಗೆ ಸತುವಿನದ್ದು. ತಳದಲ್ಲಿ ವಿಷದ ಪೇಂಟ್ ಇಲ್ಲದ ಬೋಟಿಗೂ ಇದ್ದ ಬೋಟಿಗೂ ಕೆರೆ ಬದಲಾಯಿಸುವಾಗ ನಿಯಮ ಒಂದೇ. 1988ರಲ್ಲಿ ಲೇಕ್ ಸೇಂಟ್ ಕ್ಲೇರ್‌ನಲ್ಲಿ ಕಂಡ ಜೀಬ್ರಾ ಮಸೆಲ್ ಚಿಪ್ಪುಗಳು ಕೆರೆಯಿಂದ ಕೆರೆಗೆ ಹರಡಿದ್ದು ಬೋಟುಗಳ ಜೊತೆಗೂ ಹೌದು. ಮಿಶಿಗನ್‌ನಲ್ಲಿ 2019ರಿಂದ ರಸ್ತೆಗೆ ಹೊರಡುವ ಮುಂಚೆ ಡ್ರೈನ್ ಪ್ಲಗ್ ತೆಗೆದು ನೀರೆಲ್ಲ ಬಸಿಯುವುದು ಕಾನೂನು. ರ್‍ಯಾಂಪಿನಲ್ಲೇ ಗಿಡದ ಎಳೆ ಕಿತ್ತುಹಾಕಿ, ನೀರು ಬಸಿದು ಹೊರಡಿ. ಮನೆಯಲ್ಲಿ ತಳ ತೊಳೆದು ಒಣಗಿಸಿ. ಮತ್ತೆ ಇಳಿಸುವ ಮುಂಚೆ ಆ ಪ್ಲಗ್ ಹಾಕಲು ಮಾತ್ರ ಮರೆಯಬೇಡಿ.